‘ಪುಟ ಸಿಗಲಿಲ್ಲ’ ಎಂಬಲ್ಲಿ ಉಳಿದ ಒಂದು ಸಾಲು

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಜಾಲತಾಣದಲ್ಲಿ, ಪ್ರತಿ ಪುಟದ ಎಡಬದಿಗೆ ಕಾಣುವ ಮೆನುವಿನಿಂದ ‘ಉಚಿತ ಹಾಸಿಗೆ’ ಎಂಬ ಸಾಲನ್ನು ಕಳೆದ ಫೆಬ್ರುವರಿಯಲ್ಲಿ ತೆಗೆದುಹಾಕಲಾಯಿತು. ಹಾಸಿಗೆಗಳು ಆಸ್ಪತ್ರೆಯಲ್ಲಿ ಇದ್ದವು. ಅವುಗಳ ವಿವರ ಬರೆದ ಪುಟವೂ ಜಾಲತಾಣದಲ್ಲಿ ಇತ್ತು. ಆ ಪುಟಕ್ಕೆ ಹೋಗುವ ದಾರಿ ಇರಲಿಲ್ಲ.

ಸೋಮವಾರ, ಬೆಳಗಿನ ಆರು ಗಂಟೆ. ಕೊಪ್ಪೀಕರ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಸುಕನ್ಯಾ ಹೊಸಮನಿ ಶಟರ್ ಎತ್ತುತ್ತಾರೆ. ಗಲ್ಲಿಯಲ್ಲಿ ಈ ಹೊತ್ತಿಗೆ ಎದ್ದವರೆಂದರೆ ಕಸ ಗುಡಿಸುವ ಹೆಣ್ಣುಮಕ್ಕಳು, ಹಾಲಿನ ಕ್ಯಾನು ಕಟ್ಟಿದ ಒಂದು ಸೈಕಲ್ಲು, ಮತ್ತೆ ಇವರು. ಧಾರವಾಡದಿಂದ ಮೊದಲ ಬಸ್ಸಿಗೆ ಬಂದಿದ್ದಾರೆ. ಎಂಟಕ್ಕೆ ಕರೆಂಟು ಹೋಗುತ್ತದೆ, ಹತ್ತಕ್ಕೆ ಬರುತ್ತದೆ. ಅದು ಈ ಬೇಸಿಗೆಯಿಡೀ ನಡೆದ ಪದ್ಧತಿ, ಮಳೆ ಶುರುವಾದರೂ ನಿಂತಿಲ್ಲ. ಅಷ್ಟರೊಳಗೆ ದಿನದ ಮುಖ್ಯ ಕೆಲಸ ಮುಗಿಯಬೇಕು. ಬೆಳಗಿನ ಹೊತ್ತು ಲೈನು ಖಾಲಿ ಇರುತ್ತದೆ, ಫೈಲುಗಳು ಬೇಗ ಏರುತ್ತವೆ. ಹತ್ತಕ್ಕೆ ಬರುವ ಸಹೋದ್ಯೋಗಿಗಳಿಗೆ ಎಲ್ಲವೂ ತಾನಾಗಿಯೇ ಸರಿಯಿದ್ದಂತೆ ಕಾಣುತ್ತದೆ.

ಚಪ್ಪಲಿ ಹೊರಗೆ ಬಿಟ್ಟು, ರೊಟ್ಟಿಯ ಗಂಟನ್ನು ಕಿಟಕಿಯ ಮೇಲಿಟ್ಟು, ಕಂಪ್ಯೂಟರ್ ಏಳುವಷ್ಟರಲ್ಲಿ ಸೆರಗಿನ ತುದಿಯಿಂದ ಪರದೆಯ ಧೂಳು ಒರೆಸುತ್ತಾರೆ. ಆಮೇಲೆ ಶುರುವಾಗುತ್ತದೆ ಅವರು ‘ಗಸ್ತು’ ಎಂದು ಕರೆಯುವ ಕೆಲಸ. ಈ ಕಚೇರಿ ಮಾಡಿಕೊಟ್ಟ ಜಾಲತಾಣಗಳನ್ನೆಲ್ಲ ಒಂದೊಂದಾಗಿ ತೆರೆಯುವುದು, ಮೆನುವಿನ ಪ್ರತಿ ಸಾಲನ್ನೂ ಮೇಲಿಂದ ಕೆಳಗೆ ಒತ್ತಿ ನೋಡುವುದು. ಬೀಜದ ಕಂಪನಿ, ಎರಡು ಕಾಲೇಜು, ಒಂದು ಕೋಚಿಂಗ್ ಸೆಂಟರು, ಕಲ್ಯಾಣಮಂಟಪ, ಕೊನೆಗೆ ಆ ಆಸ್ಪತ್ರೆ.

ಆಸ್ಪತ್ರೆಯ ತಾಣ ಮುಗಿದ ಮೇಲೆ ಸುಕನ್ಯಾ ಬೇಕೆಂದೇ ವಿಳಾಸವನ್ನು ತಪ್ಪಾಗಿ ಟೈಪ್ ಮಾಡುತ್ತಾರೆ. ‘ಕ್ಷಮಿಸಿ, ನೀವು ಕೇಳಿದ ಪುಟ ಸಿಗಲಿಲ್ಲ’ ಎಂಬ ಬರಹ ಬರುತ್ತದೆ. ಅದರ ಪಕ್ಕದಲ್ಲಿ ಒಂದು ಮೆನು. ಆ ಮೆನುವಿನಲ್ಲಿ, ಬೇರೆಲ್ಲ ಪುಟಗಳಿಂದ ಮಾಯವಾದ ಆ ಸಾಲು: ಉಚಿತ ಹಾಸಿಗೆ. ಒತ್ತುತ್ತಾರೆ. ಪುಟ ತೆರೆಯುತ್ತದೆ.

‘ಐತಿ’ ಎನ್ನುತ್ತಾರೆ, ಯಾರಿಗೂ ಅಲ್ಲ.

ಈ ಒಂದು ಸಾಲನ್ನು ಇವತ್ತು ಹತ್ತು ಗಂಟೆಯೊಳಗೆ ಅಳಿಸಬೇಕೆಂದು ಅಪ್ಪಣೆಯಾಗಿದೆ. ಆಸ್ಪತ್ರೆಯಿಂದ ಕಚೇರಿಯ ಮಾಲೀಕರಿಗೆ, ಮಾಲೀಕರಿಂದ ಸುಕನ್ಯಾಗೆ. ಅಳಿಸದಿದ್ದರೆ ಈ ಕುರ್ಚಿ ನಾಳೆ ಅವರದಲ್ಲ.

ಸುಕನ್ಯಾ ಉಪ್ಪಿನಬೆಟಗೇರಿಯವರು. ತಾಯಿ ಹೊಳೆವ್ವ ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ, ಹರಿದ ಧೋತರ ತಂದುಕೊಟ್ಟವರಿಗೆ ಚಳಿಗಾಲ ದಾಟಿಸುವ ಹೊದಿಕೆ ಮಾಡಿ ಕೊಡುವ ಕೈ ಅವರದು. ಮಗಳ ಓದನ್ನು ಹೊಲಿದದ್ದೂ ಅದೇ ಸೂಜಿ. ತೊಂಬತ್ತರ ದಶಕದ ನಡುವೆ ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಕಂಪ್ಯೂಟರ್ ತರಬೇತಿಗೆ ಸೇರಿದಾಗ ಅಲ್ಲಿ ಯಂತ್ರಗಳು ಕಡಿಮೆ. ಗಂಡುಹುಡುಗರು ಮೊದಲು ಕೂರುತ್ತಿದ್ದರು. ಅವರೆದ್ದ ಮೇಲೆ ಉಳಿದ ಹೊತ್ತು ಹುಡುಗಿಯರದು. ನಿಮಗೆ ಟೈಪಿಂಗ್ ಬಂದರೆ ಸಾಕಲ್ಲ ಎಂದು ಕಲಿಸುವವರೇ ಹೇಳುತ್ತಿದ್ದರಂತೆ. ಪ್ರೋಗ್ರಾಮ್ ಬರೆಯುವುದನ್ನು ಸುಕನ್ಯಾ ನಿಂತು ಕಲಿತರು, ಬೇರೆಯವರ ಹೆಗಲ ಮೇಲಿಂದ ಇಣುಕಿ.

ಆಮೇಲೆ ಅಮರಗೋಳದ ಮಾರುಕಟ್ಟೆಯಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಬಳಿ ಕೆಲವು ವರ್ಷ ಲೆಕ್ಕ ಟೈಪ್ ಮಾಡಿದರು. 2003ರಲ್ಲಿ ಗುರುಪಾದ ಅವರ ಈ ಕಚೇರಿಗೆ ಬಂದರು. ಗುರುಪಾದ ಆಗ ಒಂದೇ ಕಂಪ್ಯೂಟರು, ಒಂದು ಸ್ಕೂಟರು, ಬಾಯ್ತುಂಬ ಮಾತು ಇದ್ದ ಮನುಷ್ಯ. ಅಂಗಡಿ ಅಂಗಡಿಗೆ ಹೋಗಿ ‘ನಿಮ್ಮ ಅಂಗಡೀನ ಅಮೆರಿಕಾದಾಗ ಕುಂತು ನೋಡಬಹುದು’ ಎಂದು ಹೇಳಿ ಕೆಲಸ ತರುತ್ತಿದ್ದರು. ತಂದ ಕೆಲಸವನ್ನು ಸುಕನ್ಯಾ ಮಾಡುತ್ತಿದ್ದರು. ಈಗ ಕಚೇರಿಯಲ್ಲಿ ಮೇಜುಗಳ ಸಾಲೇ ಇದೆ. ಹುಬ್ಬಳ್ಳಿಯ ಯಾವ ಅಂಗಡಿಯನ್ನು ಅಮೆರಿಕದಲ್ಲಿ ಯಾರು ನೋಡಿದರೋ ತಿಳಿಯದು, ಆದರೆ ಮಾಡಿದವರನ್ನು ಹುಬ್ಬಳ್ಳಿಯಲ್ಲೇ ಯಾರೂ ನೋಡಿಲ್ಲ. ಪ್ರತಿ ಪುಟದ ಅಡಿಯಲ್ಲಿ ಕಂಪನಿಯ ಹೆಸರಿದೆ. ಕಂಪನಿಯ ಅಡಿಯಲ್ಲಿ ಯಾರ ಹೆಸರೂ ಇಲ್ಲ.

ಹೊಳೆವ್ವನಿಗೂ ಮಗಳ ಕೆಲಸ ಏನೆಂದು ಗೊತ್ತಾಗಿಲ್ಲ. ಊರಿಗೆ ಹೋದಾಗಲೆಲ್ಲ ಒಂದು ಮಾತು ತಿವಿಯುತ್ತಾರೆ.

‘ನಾ ಹೊಲದ ಕೌದಿ ಮಂದಿ ಮೈಮ್ಯಾಲ ಬೀಳತೈತಿ. ನೀ ಹೊಲದದ್ದು ಎಲ್ಲಿ ಬೀಳತೈತಿ, ಒಮ್ಮೆರ ತೋರ್ಸವಾ.’

ತೋರಿಸುವುದು ಹೇಗೆ? ಆಸ್ಪತ್ರೆಯ ಹೊಸ ಜಾಲತಾಣದ ಉದ್ಘಾಟನೆ ಕಳೆದ ವರ್ಷ ವೇದಿಕೆಯ ಮೇಲೆ ನಡೆಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ. ಅತಿಥಿಯೊಬ್ಬರು ಮೌಸನ್ನು ಒತ್ತಿದರು, ಪರದೆಯ ಮೇಲೆ ಪುಟ ತೆರೆಯಿತು, ಚಪ್ಪಾಳೆ ಬಿತ್ತು. ಸುಕನ್ಯಾ ವೇದಿಕೆಯ ಹಿಂದೆ ಇದ್ದರು. ಯುಪಿಎಸ್‌ನ ಪ್ಲಗ್ಗು ಸಡಿಲವಾಗಿತ್ತು. ಕಾರ್ಯಕ್ರಮ ಮುಗಿಯುವವರೆಗೆ ಅದನ್ನು ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದರು. ಮರುದಿನ ಪತ್ರಿಕೆಗಳಲ್ಲಿ ಮೌಸು ಒತ್ತಿದ ಬೆರಳಿನ ಫೋಟೊ ಬಂತು. ಬೆರಳಿಗಿದ್ದ ಹರಳಿನ ಉಂಗುರವೂ ಸ್ಪಷ್ಟವಾಗಿ ಬಂದಿತ್ತು. ಈ ಪುರವಣಿಯೂ ಆ ಸುದ್ದಿ ಹಾಕಿದ ಪತ್ರಿಕೆಯದೇ ಆದ್ದರಿಂದ, ಪ್ಲಗ್ಗು ಹಿಡಿದ ಕೈಯ ವಿಷಯ ಇಷ್ಟು ತಡವಾಗಿಯಾದರೂ ಇಲ್ಲಿ ಬರಲೇಬೇಕು.

ಅವರು ಮಾಡಿದ್ದೇನು ಎಂಬುದನ್ನು ತಿಳಿಯದೆ ಅವರ ಮೇಲೆ ಬಿದ್ದ ಅಪ್ಪಣೆಯ ಭಾರ ತಿಳಿಯುವುದಿಲ್ಲ.

ಆಸ್ಪತ್ರೆಯ ಹಳೆಯ ತಾಣದಲ್ಲಿ ಪ್ರತಿ ಪುಟವೂ ಬೇರೆ ಬೇರೆ. ಮೆನುವನ್ನು ಪುಟ ಪುಟದಲ್ಲೂ ನಕಲು ಮಾಡಿ ಅಂಟಿಸಬೇಕು. ಒಂದು ವಿಭಾಗದ ಹೆಸರು ಬದಲಾದರೆ ಎಲ್ಲ ಪುಟಗಳನ್ನೂ ಬಿಚ್ಚಿ ತಿದ್ದಬೇಕು. ಎಲ್ಲೋ ಒಂದು ಪುಟ ತಪ್ಪಿಹೋಗುತ್ತಿತ್ತು, ಆಸ್ಪತ್ರೆಯವರ ಕಣ್ಣಿಗೆ ಸರಿಯಾಗಿ ಅದೇ ಬೀಳುತ್ತಿತ್ತು. ಹೊಸ ತಾಣವನ್ನು ಸುಕನ್ಯಾ ಎಂವಿಸಿ ಪದ್ಧತಿಯಲ್ಲಿ ಕಟ್ಟಿದರು. ಎಂವಿಸಿ ಎಂದರೆ ಕೆಲಸವನ್ನು ಮೂರು ಪಾಲು ಮಾಡುವುದು: ಮಾಹಿತಿಯನ್ನು ಕಾಯುವ ಭಾಗ ಒಂದು, ಅದನ್ನು ಪುಟವಾಗಿ ತೋರಿಸುವ ಭಾಗ ಒಂದು, ಬಂದವರು ಏನು ಕೇಳಿದರು, ಅವರಿಗೆ ಏನು ಕೊಡಬೇಕು ಎಂದು ನೋಡಿಕೊಳ್ಳುವ ಭಾಗ ಇನ್ನೊಂದು. ಈ ಮೂರನೆಯದಕ್ಕೆ ಕಂಟ್ರೋಲರ್ ಎನ್ನುತ್ತಾರೆ. ವೈದ್ಯರ ಪುಟಗಳಿಗೆ ಒಂದು ಕಂಟ್ರೋಲರ್, ಹೊರರೋಗಿಗಳ ಪುಟಗಳಿಗೆ ಒಂದು, ಹೀಗೆ.

ಆದರೆ ಮೆನು ಎಲ್ಲ ಪುಟಗಳಿಗೂ ಬೇಕು. ಮೊದಮೊದಲು ಪ್ರತಿ ಕಂಟ್ರೋಲರಿನಲ್ಲೂ ಮೆನು ತರುವ ಆದೇಶವನ್ನು ಮತ್ತೆ ಮತ್ತೆ ಬರೆದರು. ಒಂದರಲ್ಲಿ ಮರೆತರೆ ಆ ಪುಟ ಬೋಳು. ಕೊನೆಗೆ ಎಲ್ಲ ಕಂಟ್ರೋಲರುಗಳಿಗೂ ತಾಯಿಯಂತೆ ಒಂದೇ ಒಂದು ಬೇಸ್ ಕಂಟ್ರೋಲರ್ ಕಟ್ಟಿದರು. ಯಾರು ಯಾವ ಪುಟ ಕೇಳಿದರೂ ಮೊದಲು ಅದು ಓಡುತ್ತದೆ, ಮಾಹಿತಿ ಕೂಡಿಟ್ಟ ಡೇಟಾಬೇಸಿನಿಂದ ಮೆನುವನ್ನು ತಂದು ಇಡುತ್ತದೆ, ಆಮೇಲೆಯೇ ಪುಟ ತೆರೆಯುತ್ತದೆ.

‘ಮದ್ಲ ಮನಿಮನಿಗೆ ಹೋಗಿ ಕೊಡಾ ತುಂಬಿಸಿ ಬಂದಂಗ ಆಗತಿತ್ರಿ. ಒಂದ ಮನಿ ಬಿಟ್ರ ಬೈಗಳ. ಈಗ ಓಣಿಗೆ ಒಂದ ನಳಾ ಹಾಕಿದಂಗ ಆತು. ನಳಾ ಬಿಟ್ರ ಎಲ್ಲಾರ ಮನಿಗೂ ನೀರು.’

ಅವಳಿ ನಗರದಲ್ಲಿ ನೀರಿನ ಮಾತಾಡುವವರಿಗೆ ನಳ ಬಿಡುವವನ ನೆನಪೂ ಬರಬೇಕು. ವಾಲ್ವಿನ ಕೀಲಿ ಅವನ ಕೈಯಲ್ಲಿರುತ್ತದೆ. ಯಾವ ಓಣಿಗೆ ನೀರು, ಯಾವ ಓಣಿಗೆ ಬರೀ ಗಾಳಿ ಎಂಬುದು ಅವನ ಕೈತಿರುವು. ಸುಕನ್ಯಾ ಆ ಕೀಲಿಯನ್ನೂ ಮಾಡಿಕೊಟ್ಟರು. ಪ್ರತಿ ಸಣ್ಣ ಬದಲಾವಣೆಗೂ ಆಸ್ಪತ್ರೆಯವರು ಫೋನು ಮಾಡುವುದು ಬೇಡವೆಂದು ಅವರಿಗಾಗಿ ಒಂದು ಪುಟ್ಟ ಪರದೆ. ಮೆನುವಿನ ಸಾಲುಗಳೆಲ್ಲ ಅಲ್ಲಿ ಕಾಣುತ್ತವೆ, ಪ್ರತಿ ಸಾಲಿನ ಮುಂದೆ ಒಂದು ಟಿಕ್ ಗುರುತು. ಗುರುತು ತೆಗೆದರೆ ಆ ಸಾಲು ಎಲ್ಲ ಪುಟಗಳಿಂದಲೂ ಮಾಯ.

ಫೆಬ್ರುವರಿಯ ಒಂದು ಬೆಳಿಗ್ಗೆ ಗಸ್ತಿನಲ್ಲಿದ್ದಾಗ ಆಸ್ಪತ್ರೆಯ ಮೆನು ಮೋಟಾಗಿದ್ದು ಅವರ ಕಣ್ಣಿಗೆ ಬಿತ್ತು. ಮೊದಲು ತಮ್ಮದೇ ದೋಷವೆಂದು ಹುಡುಕಿದರು. ದೋಷವಿರಲಿಲ್ಲ. ಆಸ್ಪತ್ರೆಯ ಕಚೇರಿಯಿಂದ ಯಾರೋ ಟಿಕ್ ತೆಗೆದಿದ್ದರು. ಗುರುಪಾದ ಅವರಿಗೆ ಹೇಳಿದಾಗ ಅವರು ಕೀಲಿಮಣೆಯಿಂದ ತಲೆಯೆತ್ತದೆ, ಆಸ್ಪತ್ರೆ ಅವರದು, ಮೆನು ಅವರದು, ನಾವು ಗೋಡೆಗೆ ಬಣ್ಣ ಹಚ್ಚುವವರು ಎಂದರಂತೆ.

ಆಸ್ಪತ್ರೆ ಅವರದಿರಬಹುದು. ನೆಲ ಅವರದಾಗಿದ್ದು ಒಂದು ಷರತ್ತಿನ ಮೇಲೆ. ಸರ್ಕಾರದ ಜಾಗವನ್ನು ಅಗ್ಗಕ್ಕೆ ಪಡೆಯುವಾಗ ಹತ್ತರಲ್ಲಿ ಒಂದು ಹಾಸಿಗೆ ಬಡವರಿಗೆ ಉಚಿತ, ಅದು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು ಎಂದು ಒಪ್ಪಿಕೊಂಡಿದ್ದರು. ಹಾಗಾಗಿ ಪುಟವನ್ನು ಅಳಿಸಲಿಲ್ಲ. ತಪಾಸಣೆಗೆ ಬಂದವರಿಗೆ ವಿಳಾಸ ಟೈಪ್ ಮಾಡಿ, ‘ನೋಡ್ರಿ ಸರ್, ಐತಿ’ ಎಂದು ತೋರಿಸಲು ಪುಟ ಬೇಕು. ಬಡವರು ಅಲ್ಲಿಗೆ ತಲುಪದಿರಲು ದಾರಿ ಇರಬಾರದು. ಹಳೆಯ ತಾಣದಲ್ಲಾದರೆ ಈ ಕೆಲಸಕ್ಕೆ ಪುಟ ಪುಟವನ್ನೂ ಬಿಚ್ಚಬೇಕಿತ್ತು, ಯಾರದೋ ಬೆರಳು ನೋಯಬೇಕಿತ್ತು, ನೋಯುವ ಬೆರಳಿನವರು ಯಾಕೆಂದು ಒಮ್ಮೆ ಕೇಳುತ್ತಿದ್ದರು. ಅನ್ಯಾಯ ಮಾಡಲು ಬಹಳ ಕೈಗಳು ಬೇಕಾಗುತ್ತಿದ್ದವು. ಈಗ ಒಂದು ಬೆರಳು ಸಾಕು, ಅದನ್ನು ಯಾರೂ ನೋಡುವುದಿಲ್ಲ. ದುಡಿಯುವವರ ಜಾಣತನವನ್ನು ದುಡಿಯುವವರ ವಿರುದ್ಧವೇ ತಿರುಗಿಸುವುದು ಈ ಊರಿಗೆ ಹೊಸದಲ್ಲ. ಅದು ಇಷ್ಟು ಸದ್ದಿಲ್ಲದೆ ನಡೆದದ್ದು ಹೊಸದು.

‘ನಾ ಸವಲತ್ತು ಮಾಡಿದ್ದೆರಿ’ ಎನ್ನುತ್ತಾರೆ ಸುಕನ್ಯಾ. ‘ಅದನ್ನ ಹಿಂಗ ಉಪಯೋಗಿಸ್ತಾರ ಅಂತ ತಲ್ಯಾಗ ಬರಲೇ ಇಲ್ಲ. ನಳಾ ಹಾಕೋಮುಂದ ಯಾರರ ಬಂದ್ ಮಾಡೂದರ ಬಗ್ಗೆ ವಿಚಾರ ಮಾಡ್ತಾರೇನ್ರಿ?’

ಏಪ್ರಿಲ್‌ನಲ್ಲಿ ಶೇವಂತೆವ್ವ ಎಂಬವಳ ಗಂಡ ಗುರುಶಿದ್ದಪ್ಪ ಲಾರಿಯಿಂದ ಮೂಟೆ ಇಳಿಸುವಾಗ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡ. ಶೇವಂತೆವ್ವ ದುರ್ಗದಬೈಲಿನಲ್ಲಿ ಕೊತ್ತಂಬರಿ, ಮೆಂತೆ ಮಾರುವವಳು. ಎರಡು ವರ್ಷದ ಹಿಂದೆ ಅವಳ ಓಣಿಯಲ್ಲಿ ಆ ಆಸ್ಪತ್ರೆಯವರು ಆರೋಗ್ಯ ಶಿಬಿರ ಮಾಡಿ ಹಂಚಿದ್ದ ಕರಪತ್ರ ಅವಳ ಎಲೆಅಡಿಕೆಯ ಸಂಚಿಯಲ್ಲಿ ಇನ್ನೂ ಇತ್ತು. ಅದರಲ್ಲಿ ಉಚಿತ ಹಾಸಿಗೆಯ ಮಾತಿತ್ತು, ಕೆಳಗೆ ಇಂಟರ್ನೆಟ್ ವಿಳಾಸ. ಆಸ್ಪತ್ರೆಯ ಕೌಂಟರಿನಲ್ಲಿ ಅಂಥದ್ದೇನೂ ಇಲ್ಲ ಎಂದರು. ಗಂಡನನ್ನು ವೆರಾಂಡದಲ್ಲಿ ಮಲಗಿಸಿ, ಕರಪತ್ರ ಹಿಡಿದು ಅವಳು ಗಣೇಶಪೇಟೆಯ ಬಂದೇನವಾಜನ ಸೈಬರ್ ಕೆಫೆಗೆ ಬಂದಳು.

ಬಂದೇನವಾಜ ವಿಳಾಸ ಟೈಪ್ ಮಾಡಿದ. ‘ಪುಟ ಸಿಗಲಿಲ್ಲ’ ಎಂದು ಬಂತು. ಇದು ಹಳೆಯ ವಿಳಾಸ, ಇಲ್ಲ ಎಂದು ಮುಚ್ಚಲು ಹೋದ. ಶೇವಂತೆವ್ವನಿಗೆ ಓದಲು ಬರುವುದಿಲ್ಲ, ಆದರೆ ಪರದೆಯ ಮೇಲೆ ಇನ್ನೂ ಏನೇನೋ ಅಕ್ಷರವಿರುವುದು ಕಾಣುತ್ತಿತ್ತು.

‘ಅರ್ಧಾ ತಾಸಿನ ರೊಕ್ಕ ತುಗೊಂಡೀಯಲ್ಲೋ ತಮ್ಮಾ. ಏನೇನ್ ಬರದೈತಿ ಎಲ್ಲಾ ಓದು. ಅರ್ಧಾ ಓದಿ ಪೂರಾ ರೊಕ್ಕ ತಗೋತೀ ಏನು?’

ಬಂದೇನವಾಜ ನಗುತ್ತ ಓದತೊಡಗಿದ. ಮುಖಪುಟ. ವೈದ್ಯರು. ಹೊರರೋಗಿಗಳ ಸಮಯ. ಉಚಿತ ಹಾಸಿಗೆ.

ಅಲ್ಲಿಗೆ ನಗು ನಿಂತಿತು.

ಒಂದು ಪುಟದಲ್ಲಿ ಮಾತ್ರ ಆ ಸಾಲು ಉಳಿದದ್ದಕ್ಕೆ ಕಾರಣ ಸುಕನ್ಯಾ ಮಾಡಿದ ತಪ್ಪು. ವಿಳಾಸ ತಪ್ಪಾದಾಗ ಅಥವಾ ಡೇಟಾಬೇಸೇ ಕೆಟ್ಟು ನಿಂತಾಗ ಬಂದವರಿಗೆ ಕ್ಷಮೆ ಕೇಳುವ ಪುಟ ಅದು. ಡೇಟಾಬೇಸ್ ಕೆಟ್ಟಾಗಲೂ ಅದು ತೆರೆಯಬೇಕು, ಆದ್ದರಿಂದ ಮೆನುವಿಗಾಗಿ ಡೇಟಾಬೇಸನ್ನು ಕೇಳಬಾರದು, ಬೇಸ್ ಕಂಟ್ರೋಲರಿನ ಹಾದಿಯಲ್ಲಿ ಬರಬಾರದು. ಹಾಗಾಗಿ ಮೊದಲ ವಾರದಲ್ಲೇ ಅದರ ಮೆನುವನ್ನು ಕೈಯಿಂದ ಬರೆದಿಟ್ಟರು. ಮೆನು ಬದಲಾದಾಗ ಇದನ್ನೂ ತಿದ್ದಬೇಕು ಎಂಬುದು ಮರೆತುಹೋಯಿತು. ಇನ್ನೊಂದೂ ಮರೆತಿತ್ತು: ಹಳೆಯ ತಾಣದ ವಿಳಾಸ ಹೊಡೆದವರನ್ನು ಹೊಸ ಪುಟಕ್ಕೆ ಕಳಿಸುವ ಏರ್ಪಾಡು ಮಾಡಿರಲಿಲ್ಲ. ಆದ್ದರಿಂದ ಹಳೆಯ ಕರಪತ್ರ ಹಿಡಿದು ಬಂದವರೆಲ್ಲ ನೇರ ಈ ಪುಟಕ್ಕೇ ಬಂದು ಬೀಳುತ್ತಿದ್ದರು. ಕರಪತ್ರ ಹಂಚಿದ್ದು ಬಡವರ ಓಣಿಗಳಲ್ಲಿ. ಎರಡು ಮರೆವು ಕೂಡಿ ಒಂದು ದಾರಿಯಾಗಿತ್ತು.

‘ಎಲ್ಲಾರ ಮನಿಗೂ ನಳಾ ಬಂದ ಮ್ಯಾಲ ಓಣಿ ಮೂಲ್ಯಾಗಿನ ಹಳೇ ಬೋರು ಮರತ ಬಿಡ್ತಾರ ನೋಡ್ರಿ, ಹಂಗ. ಅದಕ್ಕ ವಾಲ್ವ್ ಇಲ್ಲ, ಕೀಲಿ ಇಲ್ಲ. ಹೊಡದ್ರ ನೀರು.’

ಶೇವಂತೆವ್ವ ಕೌಂಟರಿಗೆ ಮರಳಿದಳು. ಇಂಟರ್ನೆಟ್ಟಿನಲ್ಲಿ ಇದೆ ಎಂದಳು. ಗುಮಾಸ್ತ ತನ್ನ ಕಂಪ್ಯೂಟರಿನಲ್ಲಿ ಆಸ್ಪತ್ರೆಯ ಮುಖಪುಟ ತೆರೆದು, ಪರದೆಯನ್ನೇ ಅವಳತ್ತ ತಿರುಗಿಸಿ, ಎಲ್ಲಿದೆ ತೋರಿಸು ಎಂದ. ಹಿಂದೆ ಸಾಲಿನಲ್ಲಿದ್ದವರೂ ಕತ್ತು ಚಾಚಿದರು.

‘ಹಂಗ ಬರಂಗಿಲ್ಲಪಾ’ ಎಂದಳು ಶೇವಂತೆವ್ವ, ಬಂದೇನವಾಜ ಹೇಳಿಕೊಟ್ಟಿದ್ದಂತೆ. ‘ತಪ್ಪ ಹೊಡಿ. ತಪ್ಪ ಹೊಡದ್ರ ಬರತೈತಿ.’

ಸಾಲಿನಲ್ಲಿ ನಗು ಎದ್ದಿತು. ಗುಮಾಸ್ತನೂ ನಕ್ಕು, ಅವಳ ಸಮಾಧಾನಕ್ಕೆಂದು ಏನೋ ನಾಲ್ಕು ಅಕ್ಷರ ಕುಟ್ಟಿದ. ಪುಟ ಬಂತು. ಸಾಲು ಬಂತು. ಒತ್ತಿದ. ರೇಷನ್ ಕಾರ್ಡು ತರಬೇಕು, ಇಂಥ ಕೋಣೆಯಲ್ಲಿ ಇಂಥ ಅಧಿಕಾರಿಯನ್ನು ಕಾಣಬೇಕು ಎಂಬ ಪುಟ, ಆಸ್ಪತ್ರೆಯದೇ ಚಿಹ್ನೆ ಹೊತ್ತು, ಅಷ್ಟು ಜನರೆದುರು ತೆರೆದುಕೊಂಡಿತು. ಗುರುಶಿದ್ದಪ್ಪನಿಗೆ ಅದೇ ಸಂಜೆ ಹಾಸಿಗೆ ಸಿಕ್ಕಿತು. ಈಗ ಕೋಲು ಹಿಡಿದು ನಡೆಯುತ್ತಾನೆ. ಹೆಂಡತಿಯ ಪಕ್ಕ ಕೂತು ಕೊತ್ತಂಬರಿ ಸಿವುಡು ಕಟ್ಟುತ್ತಾನೆ, ಸಡಿಲ ಕಟ್ಟುತ್ತಾನೆಂದು ಬೈಸಿಕೊಳ್ಳುತ್ತಾನೆ.

ದುರ್ಗದಬೈಲಿನಲ್ಲಿ ಮಾತು ಹರಡಲು ದಿನ ಬೇಕಾಗಲಿಲ್ಲ. ಬಂದೇನವಾಜನ ಅಂಗಡಿಗೆ ‘ತಪ್ಪ ಹೊಡೆದು ನೋಡು’ ಎಂದು ಕೇಳಿಕೊಂಡು ಜನ ಬರತೊಡಗಿದರು. ಅವನು ಜಾಲತಾಣದ ಅಡಿಯಲ್ಲಿದ್ದ, ಅದನ್ನು ಮಾಡಿದ ಕಂಪನಿಯ ಫೋನ್ ನಂಬರಿಗೆ ಕರೆ ಮಾಡಿದ. ಹಿಂದೆ ಅವನ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಬರೀ ಡಬ್ಬಿ ಡಬ್ಬಿಯಾಗಿ ಕಂಡಾಗ ಇದೇ ನಂಬರಿಗೆ ಕರೆ ಮಾಡಿದ್ದ. ಸುಕನ್ಯಾ ಮನೆಗೆ ಹೋಗುವ ದಾರಿಯಲ್ಲಿ ಬಂದು ಸರಿಮಾಡಿಕೊಟ್ಟಿದ್ದರು. ಆ ಪರಿಚಯ.

‘ಅಕ್ಕಾರ, ನಿಮ್ಮ ಆ ತಪ್ಪಿನ ಪುಟ ಐತಲ್ರಿ, ಭಾಳ ಛಲೋ ಕೆಲಸ ಮಾಡಾಕತ್ತೈತಿ. ದಯಮಾಡಿ ಮುಟ್ಟಬ್ಯಾಡ್ರಿ.’

ಸುಕನ್ಯಾ ಅವರ ಕಿವಿ ಬಿಸಿಯಾಯಿತು. ಇಷ್ಟು ದಿನದ ಗಸ್ತಿನಲ್ಲಿ ಆ ಪುಟವನ್ನು ಅವರು ಒಮ್ಮೆಯೂ ತೆರೆದು ನೋಡಿರಲಿಲ್ಲ. ತಮ್ಮ ಕೆಲಸದಲ್ಲಿ ಒಂದು ಹೊಲಿಗೆ ಬಿಟ್ಟಿದೆ ಎಂಬುದೇ ಅವರಿಗೆ ಮೊದಲು ತಟ್ಟಿದ ವಿಷಯ. ಆ ಹೊಲಿಗೆ ಬಿಟ್ಟ ಸಂದಿಯಲ್ಲಿ ಜನ ನುಸುಳಿ ಬದುಕಿಕೊಂಡರು ಎಂಬುದು ಆಮೇಲೆ. ಅಂದಿನಿಂದ ಗಸ್ತಿನ ಕೊನೆಗೆ ವಿಳಾಸ ತಪ್ಪಾಗಿ ಹೊಡೆದು ನೋಡುವುದು ಸೇರಿಕೊಂಡಿತು. ನೋಡುತ್ತಾರೆ, ತಿದ್ದುವುದಿಲ್ಲ.

ಆಸ್ಪತ್ರೆಯ ಆಡಳಿತಾಧಿಕಾರಿ ವಿನೋದ ಕಳೆದ ಗುರುವಾರ ಕಚೇರಿಗೆ ಬಂದರು. ದನಿ ಎತ್ತುವವರಲ್ಲ. ಚಹಾ ಕುಡಿದರು, ಸುಕನ್ಯಾ ಅವರ ಮೇಜಿನ ಬಳಿಗೇ ಕುರ್ಚಿ ಎಳೆಸಿಕೊಂಡು ಕೂತರು, ತಾಣ ಬಹಳ ಚೆನ್ನಾಗಿದೆ ಎಂದರು. ಉಚಿತ ಹಾಸಿಗೆಯ ಹೆಸರನ್ನೇ ಎತ್ತಲಿಲ್ಲ. ಒಂದು ಪುಟದ ಮೆನು ಉಳಿದ ಪುಟಗಳ ಮೆನುವಿಗೆ ಹೊಂದುತ್ತಿಲ್ಲ ಎಂದರು.

‘ತಪ್ಪು ಯಾರಿಗೂ ಆಗ್ತದ್ರಿ ಮೇಡಂ. ನಾವೇನು ದೊಡ್ಡದು ಮಾಡಂಗಿಲ್ಲ. ಸೋಮವಾರ ಹತ್ತಕ್ಕ ನಾ ನೋಡೋದ್ರಾಗ ತಿದ್ದಿಬಿಡ್ರಿ.’

ಇಡೀ ದರೋಡೆಯಲ್ಲಿ ಆಡಿದ ಮಾತು ಇಷ್ಟೇ. ಬಡವರ ಹಾಸಿಗೆ ಬಚ್ಚಿಟ್ಟವರು ತಪ್ಪಿತಸ್ಥರಲ್ಲ. ಬಚ್ಚಿಡುವಾಗ ಒಂದು ಮೂಲೆ ಬಿಟ್ಟವಳು ತಪ್ಪಿತಸ್ಥಳು. ಅವಳ ಕಸುಬಿನ ನಾಚಿಕೆಯನ್ನೇ ಹಗ್ಗ ಮಾಡಿ ಅವಳ ಕೈಗೆ ಕಟ್ಟುವ ಜಾಣತನ ಇದು. ಆ ನಾಚಿಕೆ ಸುಳ್ಳಲ್ಲ ಎಂಬುದೇ ಕಷ್ಟ. ಮೂರು ದಿನವೂ ಸುಕನ್ಯಾ ಅದರೊಂದಿಗೆ ಬಸ್ಸಿನಲ್ಲಿ ಹೋಗಿ ಬಂದಿದ್ದಾರೆ.

ಎಂಟು ಹೊಡೆಯುತ್ತಲೇ ಕರೆಂಟು ಹೋಗುತ್ತದೆ. ಯುಪಿಎಸ್ಸು ಸ್ವಲ್ಪ ಹೊತ್ತು ಕೂಗಿ ಸುಮ್ಮನಾಗುತ್ತದೆ. ಸುಕನ್ಯಾ ರೊಟ್ಟಿ ಬಿಚ್ಚುತ್ತಾರೆ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಒಂದು ತುತ್ತು ತಿಂದು ಮತ್ತೆ ಕಟ್ಟಿಡುತ್ತಾರೆ. ಮೊಬೈಲು ಬಡಿದುಕೊಳ್ಳುತ್ತದೆ, ಬಂದೇನವಾಜ. ಮುರಿಗೆವ್ವ ಎಂಬವರು ಸೊಸೆಯ ಸಲುವಾಗಿ ಬೆಳಗ್ಗೆಯೇ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾರಂತೆ, ಹತ್ತಕ್ಕೆ ಕರೆಂಟು ಬಂದ ಕೂಡಲೆ ಪುಟ ತೆರೆದು ತೋರಿಸಬೇಕಂತೆ, ಪುಟ ಇರುತ್ತದಲ್ಲವೇ ಎಂದು ಕೇಳುತ್ತಾನೆ. ಸುಕನ್ಯಾ ಇರುತ್ತದೆ ಎನ್ನುವುದಿಲ್ಲ, ಇರುವುದಿಲ್ಲ ಎಂದೂ ಅನ್ನುವುದಿಲ್ಲ. ಕೂತಿರಲಿ ಎನ್ನುತ್ತಾರೆ.

ಪತ್ರಿಕೆಯಲ್ಲಿ ಹೆಸರು ಹಾಕಬಹುದೇ, ತೊಂದರೆಯಾಗುವುದಿಲ್ಲವೇ ಎಂದು ಕೇಳಿದರೆ ಅವರು ಕಿಟಕಿಯ ಹೊರಗೆ ನೋಡುತ್ತಾರೆ. ಹೆಸರು ಹಾಕಿ, ಊರಿನ ಹೆಸರೂ ಹಾಕಿ, ಅವ್ವನಿಗೆ ಯಾರಾದರೂ ಓದಿ ಹೇಳುತ್ತಾರೆ ಎನ್ನುತ್ತಾರೆ.

ಒಂಬತ್ತೂವರೆಗೆ ಗುರುಪಾದ ಮೆಟ್ಟಿಲೇರಿ ಬರುತ್ತಾರೆ, ಹೆಲ್ಮೆಟ್ಟು ಕೈಯಲ್ಲೇ ಇದೆ. ಸುಕನ್ಯಾ ಅವರ ಮುಖ ನೋಡಿದ ಕೂಡಲೆ ಆಗಿಲ್ಲವೆಂದು ತಿಳಿಯುತ್ತದೆ. ಕೆಟ್ಟ ಮನುಷ್ಯನಲ್ಲ. ಹೊಳೆವ್ವನ ಕಣ್ಣಿನ ಪೊರೆ ತೆಗೆಸುವಾಗ ಕೇಳದೆಯೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದವರು. ಅವರ ಕಚೇರಿಯ ಅತಿ ದೊಡ್ಡ ಗಿರಾಕಿ ಈ ಆಸ್ಪತ್ರೆ. ಅದು ಕೈಬಿಟ್ಟರೆ ಈ ಮೇಜುಗಳಲ್ಲಿ ಅರ್ಧ ಖಾಲಿಯಾಗುತ್ತವೆ ಎಂದು ಮೇಜು ಮೇಜಿನ ಮೇಲೆ ಕೈಯಿಟ್ಟು ಹೇಳುತ್ತಾರೆ. ಯಾರ ಮನೆಯಲ್ಲಿ ಯಾರು ಇದ್ದಾರೆ ಎಂದು ಹೇಳುತ್ತಾರೆ. ಸುಕನ್ಯಾಗೆ ಅದೆಲ್ಲ ಗೊತ್ತಿದೆ. ಗೊತ್ತಿರುವುದರಿಂದಲೇ ತೀರ್ಮಾನಕ್ಕೆ ಬರಲು ಮೂರು ದಿನ ಹಿಡಿಯಿತು.

ಸುಕನ್ಯಾ ಅವರದೂ ಒಂದು ಬೇಡಿಕೆ ಇದೆ, ಅದನ್ನು ಗುರುವಾರವೇ ಹೇಳಿದ್ದಾರೆ, ಈಗ ಮತ್ತೆ ಹೇಳುತ್ತಾರೆ.

‘ಅವರು ಆ ಟಿಕ್ ತಿರಗಿ ಹಾಕ್ಲಿ ಸರ್. ಎಲ್ಲಾ ಪುಟದಾಗ ಸಾಲು ಬರ್ಲಿ. ಆವಾಗ ಈ ಪುಟಾನೂ ತಿದ್ತೇನಿ, ಹಳೇ ವಿಳಾಸಾನೂ ತಿದ್ತೇನಿ. ಇವತ್ತ ಮಾಡಿ ಮುಗಸ್ತೇನಿ. ನನಗೂ ಅದು ಹಂಗ ಇರೂದು ಸೇರಂಗಿಲ್ರಿ.’

ಅವರು ಹಾಕುವುದಿಲ್ಲ ಎಂದು ಗುರುಪಾದ ಹೇಳುವುದು ಬೇಕಾಗುವುದಿಲ್ಲ. ಕೆಳಗೆ ಕನ್ನಡಕದಂಗಡಿಯ ಬಾಗಿಲು ತೆರೆಯುವ ಸದ್ದು.

‘ನೀ ಇಲ್ಲಂದ್ರ ಬ್ಯಾರೆ ಯಾರರ ಅಳಸ್ತಾರ ಸುಕನ್ಯಾ. ಸಾಲಂತೂ ಹೋಗೂದ. ನಿನ್ನ ನೌಕರಿನೂ ಯಾಕ ಜೋಡಿಗೆ ಕಳಸ್ತಿ?’

‘ಅಳಸ್ಲಿ ಬಿಡ್ರಿ. ಯಾಕ ಅಳಸಾಕತ್ತೇವಿ ಅಂತ ಅವರೂ ಒಮ್ಮೆ ಕೇಳಬೇಕಾಗತೈತಿ. ಅಷ್ಟರ ಆಗ್ಲಿ.’

ಹತ್ತಕ್ಕೆ ಇನ್ನೇನು ಎರಡು ನಿಮಿಷ ಎನ್ನುವಾಗ ಮೇಲೆ ಫ್ಯಾನು ಅಲುಗುತ್ತದೆ, ತಿರುಗುತ್ತದೆ. ಯಂತ್ರಗಳು ಒಂದರ ಹಿಂದೊಂದು ಎದ್ದು ಗುಂಯ್‌ಗುಟ್ಟುತ್ತವೆ. ಗಣೇಶಪೇಟೆಯಲ್ಲೂ ಈಗ ಕರೆಂಟು ಬಂದಿರಬೇಕು. ಮುರಿಗೆವ್ವ ಕಟ್ಟೆಯಿಂದ ಎದ್ದಿರಬೇಕು. ಗುರುಪಾದ ಅವರ ಮೊಬೈಲು ಮೇಜಿನ ಮೇಲೆ ನಡುಗುತ್ತದೆ. ಎತ್ತಿಕೊಂಡು, ಹೌದು ಸರ್, ಈಗ ಕರೆಂಟು ಬಂತು, ಮಾಡುತ್ತಿದ್ದಾರೆ ಎನ್ನುತ್ತಾರೆ. ಆಮೇಲೆ ಮೊಬೈಲನ್ನು ಅಂಗೈಯಿಂದ ಮುಚ್ಚಿ ಸುಕನ್ಯಾ ಕಡೆ ಬಾಗುತ್ತಾರೆ.

‘ವಿನೋದ ಸರ್ ಲೈನ್ ಮ್ಯಾಲ ಅದಾರ. ತಪ್ಪು ನಿಂದ ಐತಿ. ನೀನ ತಿದ್ದವಾ.’

ಸುಕನ್ಯಾ ಕೀಲಿಮಣೆಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಆಸ್ಪತ್ರೆಯ ವಿಳಾಸ ಹೊಡೆದು, ಕೊನೆಗೆ ಅರ್ಥವಿಲ್ಲದ ಎರಡು ಅಕ್ಷರ ಸೇರಿಸುತ್ತಾರೆ. ಪುಟ ಸಿಗಲಿಲ್ಲ ಎಂಬ ಪುಟ ಬರುತ್ತದೆ. ಮುಖಪುಟ, ವೈದ್ಯರು, ಹೊರರೋಗಿಗಳ ಸಮಯ, ಉಚಿತ ಹಾಸಿಗೆ. ಅದನ್ನು ಹಾಗೆಯೇ ಬಿಟ್ಟು ಎರಡೂ ಕೈಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

‘ಹೌದ್ರಿ ಸರ್, ತಪ್ಪು ನಂದ’ ಎನ್ನುತ್ತಾರೆ. ‘ತಿದ್ದಂಗಿಲ್ಲ.’